ಹೂಳಿನ ಗ್ಯಾಸಿಗೆ ಬೆಂಕಿ ಹತ್ತಿತು, ಹಾಗಾದರೆ ಕೆಳಗೆ ತೈಲ ಇದೆಯಾ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕು. ಕೆರೆ ಅಂಗಳಕ್ಕೆ ಅಂಟಿಕೊಂಡು ನಮ್ಮ ಗದ್ದೆ ಇದೆ. ಮೀನು ಸಾಕೋಣ ಅಂತ ಜೆಸಿಬಿಯಲ್ಲಿ ಹೊಂಡ ತೆಗೆಸಿದೆವು. ಆರೇಳು ಅಡಿ ಹೋಗುತ್ತಿದ್ದ ಹಾಗೇ ಕರ್ರಗಿನ ಹೂಳು ಬಂತು, ಕೊಳೆತ ಮೊಟ್ಟೆಯ ವಾಸನೆ. ನೀರು ನಿಂತ ಮೇಲೆ ತಳದಿಂದ ಗುಳ್ಳೆ ಏಳುತ್ತಿದೆ. ತಮ್ಮ ಬೆಂಕಿಕಡ್ಡಿ ಗೀರಿದ, ಭಗ್ ಅಂತ ನೀಲಿ ಬೆಂಕಿ ಹತ್ತಿ ಆರಿತು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಇದೆ. ಪಕ್ಕದಲ್ಲಿ ಹೊಸದಾಗಿ ಕೊರೆಸಿದ ಬೋರಿನ ನೀರೂ ಎಣ್ಣೆ ವಾಸನೆ ಬರುತ್ತಿದೆ. ಸುದ್ದಿ ಕೇಳಿ ಒಬ್ಬರು ಬಂದು, ‘ಕೆಳಗೆ ಪೆಟ್ರೋಲಿಯಂ ಇದೆ, ಸರ್ವೆ ಮಾಡಿಸಿಕೊಡುತ್ತೇನೆ, ಮುಂಗಡ ಕೊಡಿ, ಕರಾರಿಗೆ ಸೈನ್ ಹಾಕಿ’ ಅನ್ನುತ್ತಿದ್ದಾರೆ. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲದಲ್ಲೇ ಲಿಥಿಯಂ ಸಿಕ್ಕಿದೆಯಲ್ಲ, ನಮ್ಮಲ್ಲಿ ತೈಲ ಯಾಕಿರಬಾರದು ಅಂತ ತಮ್ಮ ಕೇಳುತ್ತಾನೆ. ಪಿಯುಸಿ ಓದುವ ಮಗಳದ್ದು ಬೇರೆ ಪ್ರಶ್ನೆ: ತಿಪ್ಪೆಗೆ ಹಾಕಿದ ಸೊಪ್ಪು ವರ್ಷದೊಳಗೆ ಗೊಬ್ಬರ ಆಗುತ್ತೆ, ಕೋಟಿ ವರ್ಷದ ಹಿಂದಿನ ಜೀವಿಗಳು ಕೊಳೆಯದೆ ತೈಲ ಹೇಗಾದವು?

ಉತ್ತರ: ಮುಂಗಡ ಕೊಡಬೇಡಿ. ಕರಾರಿಗೆ ಸೈನ್ ಹಾಕಬೇಡಿ. ಇಷ್ಟನ್ನು ಇವತ್ತೇ ಪಾಲಿಸಿ, ಮಿಕ್ಕಿದ್ದನ್ನು ನಿಧಾನವಾಗಿ ಓದಿ. ನಿಮ್ಮ ಮಗಳ ಪ್ರಶ್ನೆ ಬಹಳ ಒಳ್ಳೆಯದು. ತೈಲ ಹುಡುಕುವ ಕೆಲಸದಲ್ಲಿ ಇದ್ದಷ್ಟು ಕಾಲ ಲ್ಯಾಬಿನಲ್ಲಿ ನಾವು ಕೇಳಿಕೊಳ್ಳುತ್ತಿದ್ದದ್ದೂ ಅದನ್ನೇ.

ನಿಮ್ಮ ಪತ್ರದಲ್ಲಿ ನಾಲ್ಕು ಗುರುತುಗಳಿವೆ: ಕಪ್ಪು ಹೂಳು, ಉರಿಯುವ ಗ್ಯಾಸು, ಬಣ್ಣದ ಪೊರೆ, ಬೋರಿನ ವಾಸನೆ. ಒಂದರ ಹಿಂದೆ ಒಂದು ಕಂಡಿದ್ದರಿಂದ ಎಲ್ಲಕ್ಕೂ ಒಂದೇ ಕಾರಣ ಅಂತ ನಿಮಗೆ ಅನ್ನಿಸಿದೆ. ನನ್ನ ಲೆಕ್ಕದಲ್ಲಿ ಮೊದಲ ಮೂರಕ್ಕೆ ಕಾರಣ ಕೆರೆ. ನಾಲ್ಕನೆಯದಕ್ಕೆ ಬಹುಶಃ ಬೋರ್ ಕೊರೆದ ಲಾರಿ.

ಗ್ಯಾಸಿನಿಂದ ಶುರು ಮಾಡೋಣ. ಅದು ಮೀಥೇನ್. ಅಡುಗೆಗೆ ಬಳಸುವ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಇದೇ. ಕೆರೆ ತಳದಲ್ಲಿ ಜೊಂಡು, ಎಲೆ, ಪಾಚಿ, ಗಾಳಿಗೆ ಹಾರಿಬಂದ ಕಬ್ಬಿನ ತರಗು ಎಲ್ಲ ಸೇರಿ ಹೂತುಹೋಗಿರುತ್ತದೆ. ಅಲ್ಲಿ ಆಮ್ಲಜನಕ ಮುಗಿದ ಮೇಲೆ ಕೆಲವು ಸೂಕ್ಷ್ಮಾಣುಗಳು ಅದನ್ನೇ ತಿಂದು ಮೀಥೇನ್ ಬಿಡುತ್ತವೆ. ಇಟಲಿಯ ವೋಲ್ಟಾ 1776ರಲ್ಲಿ ಮಜೋರೆ ಸರೋವರದ ಅಂಚಿನ ಕೆಸರು ಕದಡಿ, ಬಂದ ಗುಳ್ಳೆ ಹಿಡಿದು, ಬೆಂಕಿ ಹಚ್ಚಿ ನೋಡಿದ್ದ. ನಿಮ್ಮ ತಮ್ಮ ಮಾಡಿದ್ದೂ ಅದನ್ನೇ. ಸರೋವರದ ಕೆಳಗೆ ತೈಲ ಇದೆ ಅಂತ ಮಾತ್ರ ವೋಲ್ಟಾ ಹೇಳಲಿಲ್ಲ.

ಕೆಸರಿನ ಮೀಥೇನ್ ಯಾವುದು, ತೈಲದ ಜೊತೆಗಿನದ್ದು ಯಾವುದು ಅಂತ ಲ್ಯಾಬಿನಲ್ಲಿ ಬೇರೆ ಮಾಡಬಹುದು. ಆಳದ ಬಿಸಿಯಲ್ಲಿ ಹುಟ್ಟಿ ತೈಲದ ಜೊತೆ ಬರುವ ಗ್ಯಾಸಿನಲ್ಲಿ ಈಥೇನ್, ಪ್ರೊಪೇನ್ ಕೂಡ ಇರುತ್ತವೆ. ಕೆರೆ ಗ್ಯಾಸಿನಲ್ಲಿ ಇವು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಇಂಗಾಲದ ಐಸೋಟೋಪ್ ಲೆಕ್ಕವೂ, ಅಂದರೆ ಹಗುರ ಮತ್ತು ಭಾರ ಇಂಗಾಲದ ಪರಮಾಣುಗಳ ಪ್ರಮಾಣವೂ, ಎರಡರಲ್ಲಿ ಬೇರೆ ಬೇರೆ ಬರುತ್ತದೆ. ಬೆಂಕಿಕಡ್ಡಿಗೆ ಇದು ಯಾವುದೂ ಗೊತ್ತಾಗಲ್ಲ, ಅದು ಎರಡನ್ನೂ ಒಂದೇ ಥರ ಉರಿಸುತ್ತದೆ.

ಬಣ್ಣದ ಪೊರೆಗೆ ಲ್ಯಾಬ್ ಬೇಡ, ಒಂದು ಕಡ್ಡಿ ಸಾಕು. ನೀರು ಅಲುಗದೆ ಇರುವಾಗ ಪೊರೆಯನ್ನು ಕಡ್ಡಿಯಿಂದ ಸೀಳಿ ನೋಡಿ. ಚೂರುಚೂರಾಗಿ ಒಡೆದು, ಚೂಪಾದ ಅಂಚು ಉಳಿಸಿಕೊಂಡು, ಒಡೆದ ಹಾಗೇ ನಿಂತರೆ ಅದು ಕಬ್ಬಿಣದ ಪೊರೆ. ಗಾಳಿ ಇಲ್ಲದ ಕೆಸರಿನಲ್ಲಿ ಕರಗಿದ ಕಬ್ಬಿಣ ಮೇಲೆ ಬಂದು ಗಾಳಿ ತಾಗಿದಾಗ ಬ್ಯಾಕ್ಟೀರಿಯಾಗಳ ಕೈವಾಡದಿಂದ ಇಂಥ ಪೊರೆ ಕಟ್ಟುತ್ತದೆ. ಎಣ್ಣೆಯಾದರೆ ಸೀಳಿದ ಜಾಗ ಮತ್ತೆ ಹರಿದು ಕೂಡಿಕೊಳ್ಳುತ್ತದೆ. ಪೊರೆಯ ಪಕ್ಕ ತುಕ್ಕಿನ ಬಣ್ಣದ ಲೋಳೆ ಇದೆಯಾ ಅಂತಲೂ ನೋಡಿ. ಇದ್ದರೆ ಅನುಮಾನವೇ ಬೇಡ.

ಬೋರಿನ ವಾಸನೆ ಬೇರೆ ಕಥೆ. ಗಟ್ಟಿ ಬಂಡೆ ಕೊರೆಯುವ ಹ್ಯಾಮರ್‌ಗೆ ಕಂಪ್ರೆಸರ್ ಗಾಳಿಯ ಜೊತೆ ಎಣ್ಣೆ ಬಿಡುತ್ತಾರೆ, ಇಲ್ಲದಿದ್ದರೆ ಅದು ಸವೆದುಹೋಗುತ್ತದೆ. ಆ ಎಣ್ಣೆ ಬೋರಿನ ಗೋಡೆಗೆ ಬಡಿದುಕೊಂಡು ಕೂತಿರುತ್ತದೆ. ಜೊತೆಗೆ ಲಾರಿಯ ಡೀಸೆಲ್ಲು, ಹೈಡ್ರಾಲಿಕ್ ಆಯಿಲ್ಲು. ಹೊಸ ಬೋರನ್ನು ಚೆನ್ನಾಗಿ ಓಡಿಸಿ ನೀರು ಹೊರಗೆ ಬಿಟ್ಟರೆ ಇದು ದಿನೇ ದಿನೇ ಕಮ್ಮಿಯಾಗಬೇಕು. ಕಮ್ಮಿಯಾಗದಿದ್ದರೆ, ಅಥವಾ ಹೆಚ್ಚಾದರೆ, ಏನು ಮಾಡಬೇಕೆಂದು ಕೊನೆಯಲ್ಲಿ ಹೇಳುತ್ತೇನೆ.

ಈಗ ಮಗಳ ಪ್ರಶ್ನೆ. ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಬೇಕು: ತೈಲ ಡೈನೋಸಾರ್‌ಗಳಿಂದ ಆದದ್ದಲ್ಲ. ಹೆಚ್ಚಿನ ಪಾಲು ಬಂದದ್ದು ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ, ನೀರಿನಲ್ಲಿ ತೇಲುವ ಪ್ಲಾಂಕ್ಟನ್ ಎಂಬ ಜೀವಿಗಳು ಮತ್ತು ಬ್ಯಾಕ್ಟೀರಿಯಾಗಳಿಂದ. ಇದಕ್ಕೆ ಸಾಕ್ಷಿಯೂ ಇದೆ. ಜರ್ಮನಿಯ ಆಲ್ಫ್ರೆಡ್ ಟ್ರೈಬ್ಸ್ 1930ರ ದಶಕದಲ್ಲಿ ಕಚ್ಚಾ ತೈಲದೊಳಗೆ ಪಾರ್ಫಿರಿನ್ ಅನ್ನುವ ಅಣುಗಳನ್ನು ಕಂಡುಹಿಡಿದ. ಎಲೆಗೆ ಹಸಿರು ಕೊಡುವ ಕ್ಲೋರೊಫಿಲ್ಲಿನ ಮೂಳೆಚೌಕಟ್ಟು ಅದರಲ್ಲಿ ಹಾಗೇ ಉಳಿದಿತ್ತು. ಬಿಸಿಲು ಕುಡಿದು ಬದುಕಿದ ಯಾವುದೋ ಜೀವಿಯ ಗುರುತು ಅದು.

ಹಾಗಾದರೆ ಅವು ಕೊಳೆಯಲಿಲ್ಲವಾ? ಕೊಳೆತವು. ಹೆಚ್ಚುಕಮ್ಮಿ ಎಲ್ಲವೂ ಕೊಳೆತವು. ಸಮುದ್ರದ ಮೇಲ್ಪದರದಲ್ಲಿ ಪ್ಲಾಂಕ್ಟನ್ ಕಟ್ಟುವ ಇಂಗಾಲದಲ್ಲಿ ತಳದ ಕೆಸರಿನಲ್ಲಿ ಖಾಯಮ್ಮಾಗಿ ಹೂತುಹೋಗುವುದು ನೂರಕ್ಕೆ ಒಂದು ಪಾಲೂ ಇಲ್ಲ. ಮಿಕ್ಕಿದ್ದನ್ನು ಯಾರೋ ತಿಂದು ಮುಗಿಸುತ್ತಾರೆ. ಬದುಕಿರುವಾಗ ಮೀನು, ಸತ್ತು ಕೆಳಗೆ ಇಳಿಯುವಾಗ ಬ್ಯಾಕ್ಟೀರಿಯಾ, ತಳ ಮುಟ್ಟಿದ ಮೇಲೆ ಹುಳು. ತಿನ್ನುವವರ ಕೈಗೆ ಸಿಗದೆ ಉಳಿದ ಚೂರು ಪಾರು, ಅದೇ ತೈಲದ ಬಂಡವಾಳ. ನಮ್ಮ ಕೆಲಸವೆಲ್ಲ ಅದು ಎಲ್ಲಿ, ಹೇಗೆ ಉಳಿಯಿತು ಅಂತ ಹುಡುಕುವುದೇ.

ನಿಮ್ಮ ತಿಪ್ಪೆಯಲ್ಲಿ ಗಾಳಿ ಆಡುತ್ತದೆ. ಎರೆಹುಳು, ಗೆದ್ದಲು, ಶಿಲೀಂಧ್ರ ಎಲ್ಲಕ್ಕೂ ಬೇಕಾದಷ್ಟು ಆಮ್ಲಜನಕ. ಹಾಗಾಗಿ ಸೊಪ್ಪು ಬೇಗ ಕರಗುತ್ತದೆ. ಅದೇ ಸೊಪ್ಪು ಕೆರೆ ತಳದ ಜೇಡಿಯೊಳಗೆ ಸೇರಿದರೆ ಒಂದೆರಡು ಬೆರಳು ಆಳದಲ್ಲೇ ಆಮ್ಲಜನಕ ಖಾಲಿ. ಆಮೇಲೆ ಬೇರೆ ಬ್ಯಾಕ್ಟೀರಿಯಾಗಳ ಸರದಿ. ಅವು ನೈಟ್ರೇಟು, ಕಬ್ಬಿಣ, ಸಲ್ಫೇಟು ಬಳಸಿ ತಿನ್ನುತ್ತವೆ. ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳು ಬಿಡುವುದೇ ಆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್. ಅದು ಕಬ್ಬಿಣದ ಜೊತೆ ಸೇರಿದಾಗ ಹೂಳು ಕರ್ರಗಾಗುತ್ತದೆ. ನಿಮ್ಮ ಹೂಳಿನ ಕಪ್ಪಿನಲ್ಲಿ ಇದರ ಪಾಲು ದೊಡ್ಡದು. ಪರೀಕ್ಷೆ ಸುಲಭ: ಒಂದು ಹೆಂಟೆ ತೆಗೆದು ಬಿಸಿಲಲ್ಲಿ ಇಡಿ. ನಾಲ್ಕು ದಿನದಲ್ಲಿ ಅಂಚಿನಿಂದ ಬೂದು, ಕಂದು ಬಣ್ಣಕ್ಕೆ ತಿರುಗಿದರೆ ಅದು ಕಬ್ಬಿಣದ ಸಲ್ಫೈಡು. ಸಾವಯವ ಅಂಶದ ಕಪ್ಪು ಅಷ್ಟು ಬೇಗ ಹೋಗಲ್ಲ.

ಆಮ್ಲಜನಕ ಇಲ್ಲದಿದ್ದರೆ ಹುಳು ಬದುಕುವುದಿಲ್ಲ ಅನ್ನುವುದು ಇನ್ನೂ ಮುಖ್ಯ. ಕಪ್ಪು ಸಮುದ್ರದಲ್ಲಿ 150–200 ಮೀಟರ್ ಕೆಳಗೆ ಆಮ್ಲಜನಕವೇ ಇಲ್ಲ, ತಳದವರೆಗೂ ಹೈಡ್ರೋಜನ್ ಸಲ್ಫೈಡ್ ತುಂಬಿದ ನೀರು. ಅಲ್ಲಿನ ಕೆಸರನ್ನು ಕೆದಕುವವರು ಯಾರೂ ಇಲ್ಲ, ಬಿದ್ದದ್ದು ಬಿದ್ದ ಹಾಗೇ ಪದರ ಪದರವಾಗಿ ಕೂರುತ್ತದೆ. ತೈಲ ಹುಟ್ಟುವ ಒಳ್ಳೆಯ ಮೂಲಶಿಲೆಯನ್ನು, ನಮ್ಮ ಭಾಷೆಯಲ್ಲಿ ಸೋರ್ಸ್ ರಾಕ್ ಅನ್ನುವುದನ್ನು, ಕೈಯಲ್ಲಿ ಹಿಡಿದಾಗ ಮೊದಲು ನೋಡುವುದೂ ಇದನ್ನೇ. ನುಣುಪಾದ ಶೇಲ್ ಕಲ್ಲು, ಗಾಢ ಕಂದು ಇಲ್ಲವೇ ಕಪ್ಪು. ಚಾಕುವಿನ ತುದಿ ಸಿಕ್ಕಿಸಿದರೆ ಕಾಗದದಷ್ಟು ತೆಳು ಹಾಳೆಗಳಾಗಿ ಬಿಡಿಸಿಕೊಳ್ಳುತ್ತದೆ. ಗೀಚಿದರೆ ಕಂದು ಗೆರೆ. ಹೊಸದಾಗಿ ಒಡೆದ ಮುಖಕ್ಕೆ ಮೂಗು ಇಟ್ಟರೆ ಕೆಲವೊಮ್ಮೆ ಸಣ್ಣಗೆ ಸೀಮೆಎಣ್ಣೆ ವಾಸನೆ. ಹಾಳೆಗಳ ನಡುವೆ ಹುಳು ಕೊರೆದ ಒಂದು ಬಿಲವೂ ಇರಲ್ಲ. ಬಿಲ ಕಂಡರೆ ನನಗೆ ಆಸಕ್ತಿ ಅರ್ಧ ಕಮ್ಮಿಯಾಗುತ್ತಿತ್ತು.

ಆಮ್ಲಜನಕ ಇಲ್ಲದಿದ್ದರೆ ಸಾಕು ಅಂತ ಬಹಳ ಕಾಲ ನಂಬಿದ್ದರು. ಆಮೇಲೆ ಇನ್ನೊಂದು ಪಂಗಡ ಎದ್ದಿತು: ಮೇಲಿಂದ ಬೀಳುವುದೇ ಜಾಸ್ತಿಯಿದ್ದರೆ ತಿನ್ನುವವರು ತಿಂದರೂ ಮಿಗುತ್ತದೆ, ಆಮ್ಲಜನಕ ಖಾಲಿಯಾಗುವುದು ಅದರ ಫಲ, ಕಾರಣ ಅಲ್ಲ ಅಂತ. ಈ ಜಗಳ ನಮ್ಮ ಅರಬ್ಬಿ ಸಮುದ್ರದ ಮೇಲೂ ನಡೆಯಿತು. ಮಳೆಗಾಲದಲ್ಲಿ ಆಳದ ಪೌಷ್ಟಿಕ ನೀರು ಮೇಲೆದ್ದು ಅಲ್ಲಿ ಪ್ಲಾಂಕ್ಟನ್ ಉಕ್ಕುತ್ತದೆ. ಸುಮಾರು 150 ಮೀಟರಿನಿಂದ ಸಾವಿರ ಮೀಟರಿನ ತನಕ ಆಮ್ಲಜನಕ ತೀರಾ ಕಮ್ಮಿ. ಪಶ್ಚಿಮ ಕರಾವಳಿಯಾಚೆ ಆ ಆಳದಲ್ಲಿರುವ ಇಳಿಜಾರಿನ ಕೆಸರು ಸಾವಯವ ಇಂಗಾಲದಿಂದ ಸಮೃದ್ಧ. ಎರಡೂ ಕಾರಣ ಒಂದೇ ಜಾಗದಲ್ಲಿರುವಾಗ ಯಾವುದಕ್ಕೆ ಎಷ್ಟು ಪಾಲು ಅಂತ ಹಂಚುವುದು ಕಷ್ಟ. ಒಂದನ್ನೇ ಗೆಲ್ಲಿಸುವ ವಾದ ನನಗೆ ಯಾವತ್ತೂ ರುಚಿಸಿಲ್ಲ. ನನ್ನ ಅನುಭವದಲ್ಲಿ ಲೆಕ್ಕಕ್ಕೆ ಬರುವುದು, ಬಿದ್ದ ಚೂರು ಆಮ್ಲಜನಕದ ಕೈಯಲ್ಲಿ ಎಷ್ಟು ಕಾಲ ಇತ್ತು ಅನ್ನುವುದು.

ಅದಕ್ಕೇ ಹೂಳು ಕೂರುವ ವೇಗವೂ ಮುಖ್ಯ. ತೀರಾ ನಿಧಾನ ಆದರೆ ಚೂರು ಮೇಲೆಯೇ ಬಿದ್ದಿದ್ದು ಉರಿದುಹೋಗುತ್ತದೆ. ತೀರಾ ಜೋರಾದರೆ ಮಣ್ಣೇ ಜಾಸ್ತಿಯಾಗಿ ಸಾವಯವ ಅಂಶ ತೆಳುವಾಗುತ್ತದೆ. ನುಣುಪು ಜೇಡಿ ಬೇರೆ ರೀತಿಯಲ್ಲೂ ಕಾಪಾಡುತ್ತದೆ: ಜೇಡಿಕಣಗಳ ಮೈಗೆ ಮತ್ತು ಸಂದಿಗೆ ಅಂಟಿಕೊಂಡ ಅಣುಗಳ ಹತ್ತಿರ ಬ್ಯಾಕ್ಟೀರಿಯಾದ ಕಿಣ್ವ ಹೋಗಲಾರದು. ಮರಳಿನಲ್ಲಿ ಈ ಆಸರೆ ಇಲ್ಲ, ನೀರು ಓಡಾಡಿ ಆಮ್ಲಜನಕ ತರುತ್ತದೆ.

ಎಲ್ಲ ಪದಾರ್ಥವೂ ಒಂದೇ ಥರ ಉಳಿಯಲ್ಲ. ಸಕ್ಕರೆ, ಪ್ರೋಟೀನು ಮೊದಲು ಖಾಲಿ. ಕೊಬ್ಬು, ಮೇಣ, ಕೆಲವು ಪಾಚಿಗಳ ಗಟ್ಟಿ ಗೋಡೆ ಕೊನೆಯವರೆಗೆ ನಿಲ್ಲುತ್ತವೆ. ಕೆಲವು ಕಡೆ ಗಂಧಕ ಬಂದು ಆ ಉದ್ದ ಸರಪಳಿಗಳನ್ನು ಒಂದಕ್ಕೊಂದು ಬೆಸೆದು ಇನ್ನೂ ಗಟ್ಟಿ ಮಾಡುತ್ತದೆ. ಹೀಗೆ ಉಳಿದದ್ದೆಲ್ಲ ಸೇರಿ ಕೆರೋಜೆನ್ ಆಗುತ್ತದೆ. ಅದು ದ್ರವ ಅಲ್ಲ, ಕಲ್ಲಿನೊಳಗೆ ಕೂತ ಘನವಸ್ತು. ಪಾಚಿಯಿಂದ ಆದ ಕೆರೋಜೆನ್ ತೈಲ ಕೊಡುತ್ತದೆ. ಮರ, ಕಾಂಡ, ಎಲೆಯಿಂದ ಆದದ್ದು ಹೆಚ್ಚಾಗಿ ಗ್ಯಾಸ್ ಕೊಡುತ್ತದೆ. ಕಲ್ಲಿನ ತೂಕದಲ್ಲಿ ಸಾವಯವ ಇಂಗಾಲ ನೂರಕ್ಕೆ 1ರ ಆಸುಪಾಸು ಇದ್ದರೆ ನಾವು ತಲೆ ಎತ್ತಿ ನೋಡುತ್ತೇವೆ. 2 ದಾಟಿದರೆ ಒಳ್ಳೆಯ ಮೂಲಶಿಲೆ ಅನ್ನುತ್ತೇವೆ.

ಅಷ್ಟಾದರೂ ತೈಲ ಆಗಿಲ್ಲ, ಬೇಯಬೇಕು. ನಿಮ್ಮ ಕಡೆ ಆಲೆಮನೆ ನೋಡಿದವರಿಗೆ ಇದು ಸುಲಭ: ಕೊಪ್ಪರಿಗೆಗೆ ಉರಿ ಸಾಲದಿದ್ದರೆ ಅದು ಬರೀ ಕಬ್ಬಿನ ಹಾಲು, ಉರಿ ಮೀರಿದರೆ ಸೀದು ಹೋಯಿತು, ನಡುವಿನ ಹದದಲ್ಲಿ ಮಾತ್ರ ಬೆಲ್ಲ. ಕೆರೋಜೆನ್ನಿಗೆ ಆ ಹದ ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಮೇಲೆ ಹೋದ ಹಾಗೆ ತೈಲ ಒಡೆದು ಗ್ಯಾಸ್ ಆಗುತ್ತದೆ, ಇನ್ನೂ ಮೇಲೆ ಹೋದರೆ ಕೊನೆಗೆ ಉಳಿಯುವುದು ಗ್ರಾಫೈಟ್. ಭೂಮಿಯೊಳಗೆ ಸಾಮಾನ್ಯವಾಗಿ ಕಿಲೋಮೀಟರಿಗೆ 25–30 ಡಿಗ್ರಿ ಏರುತ್ತದೆ. ಅಂದರೆ ಆ ಹೂಳು ಎರಡರಿಂದ ನಾಲ್ಕು ಕಿಲೋಮೀಟರ್ ಕೆಳಗೆ ಹೋಗಿ ಲಕ್ಷ, ಕೋಟಿ ವರ್ಷ ಅಲ್ಲೇ ಕೂರಬೇಕು.

ಇಲ್ಲಿಗೆ ನಿಮ್ಮ ಗದ್ದೆಗೆ ವಾಪಸ್ ಬರೋಣ. ನಿಮ್ಮ ಹೂಳು ಮೊದಲ ಮೆಟ್ಟಿಲು ಹತ್ತಿದೆ, ಸುಳ್ಳಲ್ಲ. ಆಮ್ಲಜನಕ ಇಲ್ಲ, ಜೇಡಿ ಇದೆ, ಸಾವಯವ ಅಂಶ ಉಳಿದಿದೆ. ಆದರೆ ಅದರ ದಪ್ಪ ಕೆಲವು ಅಡಿ, ವಯಸ್ಸು ಹೆಚ್ಚೆಂದರೆ ಕೆಲವು ಶತಮಾನ. ನಿಮ್ಮ ತಾಲ್ಲೂಕಿನ ತೊಣ್ಣೂರು ಕೆರೆಗೇ ಸುಮಾರು ಸಾವಿರ ವರ್ಷ ಅನ್ನುತ್ತಾರೆ, ತೈಲದ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆ. ಕೆರೆಯ ಹೂಳು ಅಂತ ನಾನು ತಾತ್ಸಾರ ಮಾಡುತ್ತಿಲ್ಲ. ರಾಜಸ್ಥಾನದ ಬಾರ್ಮೇರಿನಲ್ಲಿ 2004ರಲ್ಲಿ ಸಿಕ್ಕ ಮಂಗಳಾ ತೈಲಕ್ಷೇತ್ರದ ತೈಲ ಹುಟ್ಟಿದ್ದು ಸುಮಾರು 6 ಕೋಟಿ ವರ್ಷ ಹಿಂದಿನ ಸರೋವರದ ಕೆಸರಿನಲ್ಲೇ. ಆದರೆ ಆ ಸರೋವರದ ತಳ ಭೂಮಿ ಬಿರಿದು ಕುಸಿಯುತ್ತಲೇ ಇತ್ತು. ಮೇಲೆ ಹೂಳು ತುಂಬುತ್ತಲೇ ಇತ್ತು. ಕೆಸರು ತಾನಾಗಿ ಆಳಕ್ಕೆ ಇಳಿಯಿತು.

ನಿಮ್ಮ ಕೆರೆಯ ತಳ ಎಲ್ಲಿಗೂ ಇಳಿಯುವುದಿಲ್ಲ. ಹೂಳಿನ ಕೆಳಗೆ ಇರುವುದು ನೈಸ್ ಅನ್ನುವ ಗಟ್ಟಿ ಬಂಡೆ, ವಯಸ್ಸು 300 ಕೋಟಿ ವರ್ಷದ ಆಸುಪಾಸು. ಬೋರ್ ಕೊರೆಸುವಾಗ ಬಂದ ಬೂದಿ ಬಣ್ಣದ ಪುಡಿ, ಅದರಲ್ಲಿ ಮಿಣಮಿಣ ಅನ್ನುವ ಕಾಗೆಬಂಗಾರ, ಅದೇ. ಜಗತ್ತಿನ ತೈಲದ ಹೆಚ್ಚಿನ ಮೂಲಶಿಲೆಗಳು ಕಳೆದ 55 ಕೋಟಿ ವರ್ಷದ ಒಳಗಿನವು. ವಯಸ್ಸೂ ಹೋಗಲಿ, ಈ ಬಂಡೆ ಒಂದು ಕಾಲದಲ್ಲಿ 600 ಡಿಗ್ರಿಗೂ ಜಾಸ್ತಿ ಬೆಂದದ್ದು. ಅದರಲ್ಲಿ ಸಾವಯವ ಅಂಶ ಇದ್ದಿದ್ದರೂ ಹದ ಎಂದೋ ಮೀರಿದೆ. ಸರಗೂರು ಕಡೆಯ ಹಳೆಯ ಶಿಲೆಗಳಲ್ಲಿ ಗ್ರಾಫೈಟ್ ಕಾಣುವುದು ಹೀಗೆ ಸೀದು ಉಳಿದ ಇಂಗಾಲವೇ ಇರಬಹುದು ಅನ್ನುವುದು ಒಂದು ಅಭಿಪ್ರಾಯ.

ತಮ್ಮನಿಗೆ ಹೇಳಿ: ಮರಳಗಾಲದ ಲಿಥಿಯಂ ಇಲ್ಲಿ ಸಿಕ್ಕಿದ್ದಕ್ಕೆ ಕಾರಣ ಇದೇ ಹಳೆಯ, ಬೆಂದ ನೆಲ. ಕರಗಿದ ಶಿಲಾರಸ ಆರುವಾಗ ಕೊನೆಗೆ ಉಳಿದ ಪೆಗ್ಮಟೈಟ್ ಎಂಬ ಶಿಲೆಯಲ್ಲಿ ಲಿಥಿಯಂ ಸೇರುತ್ತದೆ. ಲಿಥಿಯಂ ಕೂಡಿಟ್ಟ ಅದೇ ಬೆಂಕಿ ತೈಲವನ್ನು ಉಳಿಸುವುದಿಲ್ಲ. ಇಂಥ ಬಂಡೆಯಲ್ಲಿ ಲಿಥಿಯಂ ಸಿಕ್ಕಿತು ಅನ್ನುವುದು ತೈಲದ ಸುಳಿವಲ್ಲ.

ಕಾವೇರಿ ನೀರಿಗೂ ತೈಲಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಇದೇ ಹೊಳೆಯ ಹೆಸರಿನ ಕಾವೇರಿ ಬೇಸಿನ್ ಎಂಬ ಹೂಳು ತುಂಬಿದ ತಗ್ಗಿನಲ್ಲಿ, ತಮಿಳುನಾಡಿನ ಡೆಲ್ಟಾದಲ್ಲಿ, ನಾಗಪಟ್ಟಣದ ಕಡೆ ನರಿಮಣಂನಲ್ಲಿ ತೈಲ ತೆಗೆಯುತ್ತಾರೆ. ಹಿಂದೂಸ್ಥಾನ ಅಂಟಾರ್ಕ್ಟಿಕಾದಿಂದ ಬೇರೆಯಾಗುವ ಕಾಲದಲ್ಲಿ ಅಲ್ಲಿ ನೆಲ ಬಿರಿದು ಕುಸಿಯಿತು, ಕಿಲೋಮೀಟರ್‌ಗಟ್ಟಲೆ ಹೂಳು ತುಂಬಿತು. ನಮ್ಮದು ಸವೆಯುವ ನೆಲ, ಅವರದ್ದು ತುಂಬುವ ನೆಲ. ಕರ್ನಾಟಕದ ಗಟ್ಟಿ ಬಂಡೆಯೊಳಗೆ ಕಚ್ಚಾ ತೈಲ ಇರುವುದು ಮಂಗಳೂರು ಮತ್ತು ಪಾದೂರಿನಲ್ಲಿ. ಅದೂ ಸರ್ಕಾರ ಬಂಡೆ ಕೊರೆದು, ಹಡಗಿನಲ್ಲಿ ತರಿಸಿ, ಆಪತ್ಕಾಲಕ್ಕೆ ಅಂತ ತುಂಬಿಸಿ ಇಟ್ಟದ್ದು.

ಈಗ ಆ ವ್ಯಕ್ತಿಯ ವಿಷಯ. ನಮ್ಮ ದೇಶದಲ್ಲಿ ತೈಲ ಹುಡುಕಾಟ, ಉತ್ಪಾದನೆ 1948ರ ತೈಲಕ್ಷೇತ್ರ ಕಾಯ್ದೆಯ ಕೆಳಗೆ ಬರುತ್ತದೆ. ಸರ್ಕಾರದ ಲೈಸೆನ್ಸ್ ಇಲ್ಲದೆ ಯಾರೂ ಕೈ ಹಾಕುವಂತಿಲ್ಲ. ಲೈಸೆನ್ಸ್ ಇರುವವರು ಸರ್ವೆಗೆ ಬಂದರೆ ರೈತರಿಂದ ಹಣ ಕೇಳುವುದಿಲ್ಲ, ಬೆಳೆ ಹಾಳಾದರೆ ಅವರೇ ಪರಿಹಾರ ಕೊಡುತ್ತಾರೆ. ಮುಂಗಡ ಹೋದರೆ ಒಂದು ಸಲದ ನಷ್ಟ. ಕರಾರು ಅದಕ್ಕಿಂತ ಅಪಾಯ: ‘ಸರ್ವೆ ಒಪ್ಪಂದ’ ಅಂತ ತಲೆಬರಹ ಇದ್ದು ಒಳಗೆ ಜಮೀನಿನ ಹಕ್ಕು, ಅಧಿಕಾರಪತ್ರ ಸೇರಿಸಿದರೆ ಮುಂದೆ ಕೋರ್ಟು ಅಲೆಯಬೇಕಾಗುತ್ತದೆ. ಈಗಾಗಲೇ ಪಹಣಿ, ಆಧಾರ್ ಪ್ರತಿ ಕೊಟ್ಟಿದ್ದರೆ ಒಬ್ಬ ವಕೀಲರನ್ನು ನೋಡಿ. ನನ್ನ ಮಾತಿನ ಮೇಲೂ ಅನುಮಾನ ಇದ್ದರೆ ಬೋರಿನ ಕಲ್ಲುಪುಡಿ ಒಂದು ಹಿಡಿ ತೆಗೆದುಕೊಂಡು ಮೈಸೂರಿನ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗದಲ್ಲಿ ಯಾರಿಗಾದರೂ ತೋರಿಸಿ. ಮಗಳನ್ನೂ ಕರೆದುಕೊಂಡು ಹೋಗಿ.

ಬೋರಿನ ನೀರನ್ನು ವಾಸನೆ ಹೋಗುವ ತನಕ ಕುಡಿಯಬೇಡಿ. ಒಂದೆರಡು ವಾರ ಓಡಿಸಿದರೂ ವಾಸನೆ ಹಾಗೇ ಇದ್ದರೆ ಅದು ಕೊರೆಯುವಾಗ ಬಿಟ್ಟ ಎಣ್ಣೆ ಅಲ್ಲ ಅಂತ ಲೆಕ್ಕ. ಹತ್ತಿರ ಪೆಟ್ರೋಲ್ ಬಂಕ್, ಹಳೆ ಡೀಸೆಲ್ ಟ್ಯಾಂಕು, ಗ್ಯಾರೇಜು ಇದೆಯಾ ನೋಡಿ. ಸೋರಿಕೆ ಬಂಡೆಯ ಬಿರುಕಿನಲ್ಲಿ ದೂರ ಹೋಗಬಲ್ಲದು. ಪ್ಲಾಸ್ಟಿಕ್ ಬೇಡ, ಗಾಜಿನ ಬಾಟಲಿಯಲ್ಲಿ ಕುತ್ತಿಗೆವರೆಗೆ ನೀರು ತುಂಬಿಸಿ ಪರೀಕ್ಷೆಗೆ ಕಳಿಸಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದು ತಿಳಿಸಿ. ತೈಲ ಸಿಕ್ಕಿತು ಅಂತ ಖುಷಿಪಡುವ ವಿಷಯ ಅಲ್ಲ ಇದು, ಅಕ್ಕಪಕ್ಕದ ಬೋರುಗಳಿಗೂ ಅಪಾಯ.

ಹೊಂಡದ ಗ್ಯಾಸಿಗೆ ಇನ್ನು ಬೆಂಕಿ ಹಚ್ಚಬೇಡಿ. ತೆರೆದ ಜಾಗದಲ್ಲಿ ಸಣ್ಣ ಗುಳ್ಳೆ ಉರಿದು ಹೋಗುತ್ತದೆ, ಆದರೆ ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಪಾಲು ಬೆರೆತರೆ ಸಿಡಿಯುತ್ತದೆ. ಅದಕ್ಕಿಂತ ನನಗೆ ಭಯ ಆ ಮೊಟ್ಟೆ ವಾಸನೆಯದ್ದು. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಜಾಸ್ತಿಯಾದಾಗ ಮೂಗೇ ಕೆಲಸ ನಿಲ್ಲಿಸುತ್ತದೆ. ವಾಸನೆ ನಿಂತಿತು ಅಂದರೆ ಗ್ಯಾಸು ಹೋಯಿತು ಅಂತ ಅರ್ಥ ಅಲ್ಲ. ಗುಂಡಿಗೆ ಒಬ್ಬರೇ ಇಳಿಯಬೇಡಿ. ಇಳಿದವರು ಕುಸಿದರೆ ಹಿಂದೆಯೇ ಇನ್ನೊಬ್ಬರು ಹಾರಬೇಡಿ, ಹಗ್ಗ ಹಾಕಿ ಎಳೆಯಿರಿ.

ತೆಗೆದ ಹೂಳು ಒಳ್ಳೆಯ ಗೊಬ್ಬರ, ಬಿಸಾಡಬೇಡಿ. ಹಸಿಯಾಗಿ ಮಾತ್ರ ಗದ್ದೆಗೆ ಹಾಕಬೇಡಿ. ಸಲ್ಫೈಡ್ ಗಾಳಿಗೆ ಬಿದ್ದು ಹುಳಿಯಾಗುವ ಸಾಧ್ಯತೆ ಇದೆ, ಸಸಿಮಡಿಗಂತೂ ಬೇಡವೇ ಬೇಡ. ತೆಳುವಾಗಿ ಹರಡಿ, ಬಿಸಿಲಿಗೆ ಒಣಗಿಸಿ, ಆಮೇಲೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಮಣ್ಣು ಪರೀಕ್ಷೆ ಮಾಡಿಸಿ ಹುಳಿ ಎಷ್ಟಿದೆ ನೋಡಿಕೊಂಡು ಬಳಸಿ.

ಇನ್ನು ಮೀನಿನ ಹೊಂಡ. ಇಷ್ಟೆಲ್ಲ ಗಲಾಟೆಯಲ್ಲಿ ಅದನ್ನೇ ಮರೆತಿರಬಹುದು. ಈಗಿನ ಸ್ಥಿತಿಯಲ್ಲಿ ಮರಿ ಬಿಟ್ಟರೆ ಸಾಯುತ್ತವೆ. ತಳದ ಕಪ್ಪು ಹೂಳು ಆಮ್ಲಜನಕ ಎಳೆದುಕೊಳ್ಳುತ್ತದೆ, ಜೊತೆಗೆ ಸಲ್ಫೈಡ್ ಬೇರೆ. ನೀರು ಪೂರ್ತಿ ತೆಗೆಯಿರಿ, ಕಪ್ಪು ಪದರವನ್ನು ಸಾಧ್ಯವಾದಷ್ಟು ಕೆರೆಸಿ, ತಳ ಬಿರುಕು ಬಿಡುವ ತನಕ ಒಣಗಲಿ. ಆಮೇಲೆ ಮೀನುಗಾರಿಕೆ ಇಲಾಖೆಯವರನ್ನು ಕೇಳಿ ಅವರು ಹೇಳಿದಷ್ಟು ಸುಣ್ಣ ಹಾಕಿ, ನೀರು ತುಂಬಿಸಿ, ಗುಳ್ಳೆ ನಿಂತಿದೆಯಾ ನೋಡಿ ಮರಿ ಬಿಡಿ.